ಮಾಧ್ಯಸ್ಥ್ಯದ ಮರೆಯಲ್ಲಿ

ವ್ಯಾಪಾರ, ವ್ಯವಸಾಯಗಳನ್ನೇ ನಂಬಿ ಬಾಳಿದ ಜೈನ ಮನೆತನಗಳ ಮಕ್ಕಳು ಇಂದು ಸರ್ಕಾರದ ಇಲಾಖೆಗಳಲ್ಲಿಯೂ ಸಾರ್ವಜನಿಕ ಉದ್ದಿಮೆಗಳಲ್ಲಿಯೂ ಉನ್ನತ ಹುದ್ದೆಗಳನ್ನು ಅಲಂಕರಿಸಿದ್ದಾರೆ. ಅವುಗಳಲ್ಲಿ ಹೊರಗಿನವರಿಗೆ ಅಷ್ಟಾಗಿ ಪರಿಚಯವಿಲ್ಲದ ಹುದ್ದೆಯೊಂದಿದೆ. ಅದು ಕಾರ್ಮಿಕ ಸಂಬಂಧಗಳ ಹಿರಿಯ ಅಧಿಕಾರಿಯದು. ನೌಕರರ ಸಂಘವು ಬೇಡಿಕೆ ಪಟ್ಟಿಯನ್ನು ಮುಂದಿಟ್ಟಾಗ ಆಡಳಿತದ ಪರವಾಗಿ ಮಾತುಕತೆಗೆ ಕುಳಿತುಕೊಳ್ಳುವುದು, ಒಪ್ಪಂದದ ಕರಡನ್ನು ಸಿದ್ಧಪಡಿಸುವುದು, ಶಿಸ್ತುಕ್ರಮದ ವಿಷಯದಲ್ಲಿ ಸಲಹೆ ನೀಡುವುದು, ಕಾರ್ಮಿಕ ನ್ಯಾಯಾಲಯದಲ್ಲಿ ಆಡಳಿತದ ನಿಲುವನ್ನು ಸಮರ್ಥಿಸುವುದು ಇವು ಆತನ ಕರ್ತವ್ಯಗಳು. ಇಂಥವರು ನಿವೃತ್ತರಾದಾಗ ಸಮಾಜದ ಸಭೆಗಳಲ್ಲಿ ಶಾಲು ಹೊದಿಸಿ ಸನ್ಮಾನಿಸುವುದು ವಾಡಿಕೆ. ಆಗ ತಪ್ಪದೆ ಕೇಳಿಬರುವ ಮಾತೊಂದಿದೆ: "ಇವರು ಇಬ್ಬರ ಪಕ್ಷವನ್ನೂ ವಹಿಸದೆ ಮಾಧ್ಯಸ್ಥ್ಯಭಾವದಿಂದ ನಡೆದುಕೊಂಡರು, ಅನೇಕಾಂತವನ್ನು ಕಚೇರಿಗೆ ಕೊಂಡೊಯ್ದರು."

ಈ ಹೊಗಳಿಕೆಯನ್ನು ಪರೀಕ್ಷಿಸದೆ ಒಪ್ಪುವುದು ಧರ್ಮಕ್ಕೂ ಆ ವೃತ್ತಿಗೂ ಮಾಡುವ ಅಪಚಾರ. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ ಬೇರೆ, ಉದ್ಯೋಗದಾತನ ಪರವಾಗಿ ಕುಳಿತುಕೊಳ್ಳುವ ಈ ಅಧಿಕಾರಿ ಬೇರೆ. ಮೊದಲನೆಯವನು ಕಾನೂನಿನಿಂದಲೇ ಮಧ್ಯವರ್ತಿ. ಎರಡನೆಯವನು ಒಂದು ಪಕ್ಷದ ಪ್ರತಿನಿಧಿ. ಆ ಪಕ್ಷವೋ ಸಾಮಾನ್ಯವಾದುದಲ್ಲ. ಸರ್ಕಾರವು ಏಕಕಾಲದಲ್ಲಿ ಧಣಿಯೂ ಹೌದು, ಕಾನೂನನ್ನು ರಚಿಸುವ ಪ್ರಭುವೂ ಹೌದು. ಅದರ ಪ್ರತಿನಿಧಿ ತಾನು ತಕ್ಕಡಿಯ ಮುಳ್ಳಿನಂತೆ ನಡುವೆ ನಿಂತಿದ್ದೇನೆಂದು ಹೇಳಿಕೊಂಡರೆ ಅದು ಆತ್ಮವಂಚನೆ.

ಆತನ ಕೈಯಲ್ಲಿರುವ ಅಧಿಕಾರವೆಷ್ಟೆಂಬುದನ್ನು ಮೊದಲು ತಿಳಿಯಬೇಕು. 1947ರ ಕೈಗಾರಿಕಾ ವಿವಾದಗಳ ಅಧಿನಿಯಮದ ಪ್ರಕಾರ ಸಾರಿಗೆಯಂತಹ ಸಾರ್ವಜನಿಕ ಉಪಯುಕ್ತತೆಯ ಸೇವೆಗಳಲ್ಲಿ ಮುನ್ಸೂಚನೆಯಿಲ್ಲದೆ ಮುಷ್ಕರ ಹೂಡುವಂತಿರಲಿಲ್ಲ. ಸಂಧಾನ ನಡೆಯುತ್ತಿರುವಾಗಲೂ ಮುಷ್ಕರ ನಿಷಿದ್ಧವಾಗಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು ಈ ಕಟ್ಟನ್ನು ಎಲ್ಲ ಕೈಗಾರಿಕಾ ಸಂಸ್ಥೆಗಳಿಗೂ ವಿಸ್ತರಿಸಿ, 14 ದಿನಗಳ ಮುನ್ಸೂಚನೆಯನ್ನು ಕಡ್ಡಾಯಗೊಳಿಸಿದೆ. ಸರ್ಕಾರಿ ನೌಕರರ ಸ್ಥಿತಿ ಇನ್ನೂ ಬಿಗಿಯಾದುದು. 2003ರಲ್ಲಿ ತಮಿಳುನಾಡು ಸರ್ಕಾರವು ಮುಷ್ಕರನಿರತರಾದ ಸುಮಾರು 1.7 ಲಕ್ಷ ನೌಕರರನ್ನು ವಜಾಗೊಳಿಸಿತು. ಆಗ ಸರ್ವೋಚ್ಚ ನ್ಯಾಯಾಲಯವು ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಮೂಲಭೂತ ಹಕ್ಕಾಗಲಿ, ನೈತಿಕ ಹಕ್ಕಾಗಲಿ ಇಲ್ಲವೆಂದು ತೀರ್ಪಿತ್ತಿತು. ವಜಾಗೊಂಡವರಲ್ಲಿ ಹೆಚ್ಚಿನವರು ಮರಳಿ ಸೇವೆಗೆ ಬಂದರಾದರೂ ತೀರ್ಪು ಉಳಿಯಿತು.

ಮುಷ್ಕರ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಅಪ್ರಸ್ತುತ. ಆ ಬಾಗಿಲು ಮುಚ್ಚಿದ ಮೇಲೆ ನೌಕರನಿಗೆ ಹತ್ತಿರದಲ್ಲಿ ಉಳಿಯುವುದು ಈ ಅಧಿಕಾರಿಯ ಮೇಜೊಂದೇ. ಅಲ್ಲಿ ಕಡತವು ಆರು ತಿಂಗಳು ನಿದ್ರಿಸಿದರೆ, ಕೈ ಕಟ್ಟಿಸಿಕೊಂಡವನ ಬಾಯಿಯನ್ನೂ ಕಟ್ಟಿದಂತಾಯಿತು. ಆದುದರಿಂದ ಈ ಹುದ್ದೆಯಲ್ಲಿ ವಿಳಂಬವನ್ನು ತಟಸ್ಥ ಕ್ರಿಯೆಯೆಂದು ಕರೆಯಲಾಗದು. ವಿಳಂಬದಿಂದ ಲಾಭವಾಗುವುದು ಒಂದೇ ಪಕ್ಷಕ್ಕೆ, ಅದೂ ಪ್ರತಿ ತಿಂಗಳೂ ಲೆಕ್ಕ ಹಾಕಿ ತೋರಿಸಬಹುದಾದಷ್ಟು ನಿಚ್ಚಳವಾಗಿ.

ಇನ್ನು ಶಾಸ್ತ್ರದ ಮಾತು. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಾಲ್ಕು ಭಾವನೆಗಳ ವಿಧಾನವಿದೆ. ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಪಡುವವರಲ್ಲಿ ಕಾರುಣ್ಯ, ಹಿತವಚನಕ್ಕೆ ಕಿವಿಗೊಡದ ಅವಿನೇಯರಲ್ಲಿ ಮಾಧ್ಯಸ್ಥ್ಯ ಇವೇ ಆ ನಾಲ್ಕು. ಮಾಧ್ಯಸ್ಥ್ಯದ ಪಾತ್ರ ಯಾರೆಂಬುದನ್ನು ಗಮನಿಸಬೇಕು. ವೇತನವಿಲ್ಲದೆ ಬಳಲುವವನು ಅವಿನೇಯನಲ್ಲ, ಕ್ಲೇಶಪಡುವವನು. ಅವನ ವಿಷಯದಲ್ಲಿ ಶಾಸ್ತ್ರವು ಹೇಳಿದ್ದು ಕಾರುಣ್ಯ. ಕಾರುಣ್ಯ ಸಲ್ಲಬೇಕಾದ ಕಡೆ ಮಾಧ್ಯಸ್ಥ್ಯವನ್ನು ಸಲ್ಲಿಸಿ, ಅದನ್ನೇ ಧರ್ಮವೆಂದು ಹೊಗಳುವುದು ಔಷಧವನ್ನು ಅದಲುಬದಲು ಮಾಡಿ ಕುಡಿಸಿದ ವೈದ್ಯನನ್ನು ಕೊಂಡಾಡಿದಂತೆ.

ಅದೇ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಎರಡು ಹೀಗಿವೆ: ಅತಿಭಾರಾರೋಪಣ, ಅನ್ನಪಾನನಿರೋಧ. ಶಕ್ತಿ ಮೀರಿದ ಹೊರೆ ಹೊರಿಸುವುದು, ಅನ್ನನೀರನ್ನು ತಡೆಹಿಡಿಯುವುದು. ಇವನ್ನು ಎತ್ತು, ಕುದುರೆಗಳಿಗೆ ಮಾತ್ರ ಅನ್ವಯಿಸಿ ಮುಂದೆ ಸಾಗುವುದು ಪ್ರವಚನಗಳ ಪರಿಪಾಠವಾಗಿದೆ. ಮೂವರು ಮಾಡುವ ಕೆಲಸವನ್ನು ಒಬ್ಬನಿಗೆ ಹೊರಿಸುವ ಆದೇಶ, ಮೂರು ತಿಂಗಳ ವೇತನವನ್ನು ತಡೆಯುವ ಟಿಪ್ಪಣಿ, ಇವು ಮನುಷ್ಯನ ವಿಷಯದಲ್ಲಿ ಅದೇ ಅತಿಚಾರಗಳು. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು: ನಂಬಿ ಇಟ್ಟ ಹಣವನ್ನು ಇಟ್ಟವನ ಮರೆವಿನ ಲಾಭ ಪಡೆದು ಉಳಿಸಿಕೊಳ್ಳುವುದು. ಬೆಂಗಳೂರಿನ ಪೌರಕಾರ್ಮಿಕರು ಗುತ್ತಿಗೆದಾರರ ಕೈಕೆಳಗೆ ದುಡಿಯುತ್ತಿದ್ದ ಕಾಲದಲ್ಲಿ, ಭವಿಷ್ಯನಿಧಿಗೆಂದು ಕಡಿತಗೊಂಡ ಹಣ ತಮ್ಮ ಖಾತೆಗೆ ಸೇರಿಲ್ಲವೆಂಬ ಅವರ ದೂರು ವರ್ಷಗಟ್ಟಲೆ ಕೇಳಿಬಂದಿತು. ಬೆಳಗಿನ ಜಾವಕ್ಕೇ ಪೊರಕೆ ಹಿಡಿಯುವವರಿಗೆ ಖಾತೆಯ ಲೆಕ್ಕ ಕೇಳುವ ವ್ಯವಧಾನವೆಲ್ಲಿ? ಅವರ ಮರೆವನ್ನು ಬಂಡವಾಳ ಮಾಡಿಕೊಂಡ ವ್ಯವಸ್ಥೆಗೆ ಸಹಿ ಹಾಕಿದ ಕೈಗಳೂ ಇದ್ದವು. ದೀರ್ಘ ಹೋರಾಟದ ಬಳಿಕ 2025ರ ಮೇ ತಿಂಗಳಲ್ಲಿ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಖಾಯಂ ನೇಮಕದ ಆದೇಶಪತ್ರಗಳು ದೊರೆತವು.

ಅನೇಕಾಂತದ ಹೆಸರಿನಲ್ಲಿ ನಡೆಯುವ ಏಕಾಂತಕ್ಕೆ ಇನ್ನೊಂದು ನಿದರ್ಶನವಿದೆ. ಕರ್ನಾಟಕ ಸರ್ಕಾರದ ದಿನಗೂಲಿ ನೌಕರರಿಂದ ಹುಟ್ಟಿದ ಉಮಾದೇವಿ ಪ್ರಕರಣದಲ್ಲಿ, 2006ರ ಏಪ್ರಿಲ್‌ನಲ್ಲಿ, ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಹಿಂಬಾಗಿಲಿನ ನೇಮಕಾತಿಗಳನ್ನು ಖಾಯಂಗೊಳಿಸಲಾಗದೆಂದು ಹೇಳಿತು. ಅದೇ ತೀರ್ಪು, ಮಂಜೂರಾದ ಹುದ್ದೆಗಳಲ್ಲಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ದುಡಿದ ಅರ್ಹರನ್ನು ಒಂದು ಬಾರಿಯ ಕ್ರಮವಾಗಿ ಸಕ್ರಮಗೊಳಿಸಲು ಯತ್ನಿಸಬೇಕೆಂದೂ ಹೇಳಿತು. ಮೊದಲರ್ಧವು ಎಷ್ಟೋ ಕಡತಗಳನ್ನು ಸೇರಿತು, ಉತ್ತರಾರ್ಧವು ಮರೆಯಾಯಿತು. ಕೇಂದ್ರ ಜಲ ಆಯೋಗದಲ್ಲಿ ದಶಕಕ್ಕೂ ಮೀರಿ ದುಡಿದ ಸ್ವಚ್ಛತಾ ಕೆಲಸಗಾರರು ಹಾಗೂ ತೋಟದ ಕೆಲಸಗಾರರ ಪ್ರಕರಣದಲ್ಲಿ, 2024ರ ಡಿಸೆಂಬರ್‌ನಲ್ಲಿ, ಸರ್ವೋಚ್ಚ ನ್ಯಾಯಾಲಯವೇ ಈ ದುರ್ಬಳಕೆಯನ್ನು ಖಂಡಿಸಿ ಅವರ ಸೇವೆಯನ್ನು ಸಕ್ರಮಗೊಳಿಸುವಂತೆ ಆಜ್ಞಾಪಿಸಿತು. ಒಂದು ನಯವನ್ನು ಹಿಡಿದು ಉಳಿದುದನ್ನು ನಿರಾಕರಿಸುವುದಕ್ಕೆ ಜೈನ ತರ್ಕವು ದುರ್ನಯವೆಂದು ಹೆಸರಿಟ್ಟಿದೆ. ತೀರ್ಪಿನ ಅರ್ಧವನ್ನು ಮಾತ್ರ ಓದಿದ ಸಲಹೆಗಾರನಿಗೆ ಬೇರೆ ಹೆಸರು ಬೇಕಿಲ್ಲ.

ಇದಕ್ಕೆ ಪ್ರತಿಯಾಗಿ ಹೇಳುವವರಿದ್ದಾರೆ: ಬೊಕ್ಕಸವು ಜನರದು, ಅದನ್ನು ಕಾಯುವುದು ಅಧಿಕಾರಿಯ ಧರ್ಮ, ಕೇಳಿದ್ದೆಲ್ಲ ಕೊಟ್ಟರೆ ಬಡವನ ತೆರಿಗೆಯೇ ಹೆಚ್ಚುತ್ತದೆ, ಮುಷ್ಕರದಿಂದ ನರಳುವವರೂ ಜೀವಿಗಳೇ. ಈ ಮಾತಿನಲ್ಲಿ ಸತ್ಯವಿದೆ. 2021ರ ಏಪ್ರಿಲ್ 7ರಿಂದ ಸುಮಾರು ಎರಡು ವಾರ ರಾಜ್ಯದ ಸಾರಿಗೆ ನೌಕರರು ಮುಷ್ಕರ ಹೂಡಿದಾಗ ಬವಣೆಪಟ್ಟವರು ಸ್ವಂತ ವಾಹನವಿಲ್ಲದ ಜನರೇ. ಆದರೆ ಅದರ ಬೀಜ 2020ರ ಡಿಸೆಂಬರ್‌ನ ನಾಲ್ಕು ದಿನಗಳ ಮುಷ್ಕರ ಮುಗಿದ ಬಗೆಯಲ್ಲಿತ್ತು. ಬೇಡಿಕೆಗಳಲ್ಲಿ ಬಹುಪಾಲು ಈಡೇರಿವೆಯೆಂದು ಸರ್ಕಾರವೂ, ಆರನೆಯ ವೇತನ ಆಯೋಗಕ್ಕೆ ಸಮನಾದ ವೇತನದ ಭರವಸೆ ಉಳಿದೇ ಹೋಯಿತೆಂದು ನೌಕರರೂ ಹೇಳಿದರು. ಯಾರ ಮಾತು ಎಷ್ಟು ಸರಿಯೆಂಬುದು ಹಾಗಿರಲಿ; ಎರಡೂ ಕಡೆಯವರು ಎರಡು ಅರ್ಥದಲ್ಲಿ ಓದಬಹುದಾದ ಭರವಸೆಯು ಸಂಧಾನವೆನಿಸದು. ಬೊಕ್ಕಸವನ್ನು ಕಾಯಬೇಕೆನ್ನುವವರು ಇಂಥ ಭರವಸೆಯ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. "ಇಷ್ಟು ಕೊಡಬಲ್ಲೆವು, ಇಷ್ಟು ಕೊಡಲಾರೆವು, ಕಾರಣ ಇದು" ಎಂದು ಸಕಾಲದಲ್ಲಿ ಬರೆದುಕೊಡುವುದರಿಂದ ಖಜಾನೆ ಬರಿದಾಗದು.

ಜೈನ ಮನೆತನಗಳಿಗೆ ಇದು ಹೊಸ ಪಾಠವೂ ಅಲ್ಲ. 1918ರಲ್ಲಿ ಅಹಮದಾಬಾದಿನ ಗಿರಣಿ ಮುಷ್ಕರದಲ್ಲಿ ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿಯವರು ಜೈನ ಕುಟುಂಬದವರು. ಗಾಂಧೀಜಿಯವರೊಡನೆ ಕಾರ್ಮಿಕರ ಪಕ್ಷದಲ್ಲಿ ನಿಂತವರು ಅವರ ಸೋದರಿ ಅನಸೂಯಾ ಬೆಹನ್. ಮಾಲೀಕರು ಶೇಕಡ 20ರ ಏರಿಕೆಗೆ ಸಿದ್ಧರಿದ್ದರು, ಕಾರ್ಮಿಕರು ಶೇಕಡ 35 ಕೇಳಿದರು. ಕೊನೆಗೆ ವಿವಾದವು ಪಂಚರಾದ ಆನಂದಶಂಕರ ಧ್ರುವರ ಮುಂದೆ ಹೋಗಿ, ಶೇಕಡ 35ರ ತೀರ್ಪು ಬಂದಿತು. ಪಂಚನು ಮಧ್ಯಸ್ಥನಾಗಿದ್ದನೆಂದರೆ ಇಪ್ಪತ್ತು, ಮೂವತ್ತೈದರ ನಡುವಣ ಅಂಕಿಯನ್ನು ಹುಡುಕಿದನೆಂದು ಅರ್ಥವಲ್ಲ. ಎರಡೂ ಕಡೆಯ ಮಾತನ್ನು ಪೂರ್ತಿ ಕೇಳಿ ನ್ಯಾಯವೆನಿಸಿದುದನ್ನು ಹೇಳಿದನೆಂದು ಅರ್ಥ. ಅನೇಕಾಂತವೆಂದರೆ ಇದೇ.

ಧರ್ಮಸಂಸ್ಥೆಗಳ ವಿಶ್ವಸ್ತರಿಗೂ ಈ ಮಾತು ತಗಲುತ್ತದೆ. ದತ್ತಿ ಸಂಸ್ಥೆಯೆಂಬ ಮಾತ್ರಕ್ಕೆ ಕಾರ್ಮಿಕ ಕಾನೂನಿನಿಂದ ವಿನಾಯಿತಿಯಿಲ್ಲವೆಂದು 1978ರಲ್ಲಿ ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಹೇಳಿತ್ತು. ಹೊಸ ಸಂಹಿತೆಯು ದತ್ತಿ, ಸಮಾಜಸೇವೆಗಳ ಸಂಸ್ಥೆಗಳನ್ನು 'ಕೈಗಾರಿಕೆ'ಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಇನ್ನು ಬಸದಿಯ ಅಂಗಳ ಗುಡಿಸುವವರೂ ಭೋಜನಶಾಲೆಯ ಅಡುಗೆಯವರೂ ಕೇಳುವಂತಿಲ್ಲವೆಂದು ಯಾವ ವಿಶ್ವಸ್ತ ಮಂಡಳಿಯೂ ನೆಮ್ಮದಿಪಡಬಾರದು. ಸಂಹಿತೆ ವಿನಾಯಿತಿ ಕೊಟ್ಟೀತು, ಅಣುವ್ರತವು ಕೊಡುವುದಿಲ್ಲ. 'ಸೇವೆ' ಎಂಬ ಪವಿತ್ರ ಪದದಿಂದ ಕೂಲಿಯ ಬಾಕಿಯನ್ನು ತೀರಿಸಲು ಬಾರದು.

ಆದುದರಿಂದ ಮುಂದಿನ ಸನ್ಮಾನಕ್ಕೆ ಮುನ್ನ ಸಮಾಜವು ಕೇಳಬೇಕಾದ ಪ್ರಶ್ನೆಗಳಿವೆ. ಈ ಅಧಿಕಾರಿ ಬೇಡಿಕೆ ಪಟ್ಟಿಗಳಿಗೆ ಸಕಾಲದಲ್ಲಿ ಲಿಖಿತ ಉತ್ತರ ಕೊಟ್ಟರೇ? ಕಾನೂನಿನಲ್ಲಿ ನೌಕರನಿಗೆ ಅನುಕೂಲವಾದ ಅಂಶವನ್ನೂ ಮೇಲಧಿಕಾರಿಗಳಿಗೆ ಬರೆದು ತಿಳಿಸಿದರೇ, ಅದು ಅವರಿಗೆ ರುಚಿಸದಿದ್ದಾಗಲೂ? ಸಂಘದ ಮುಖಂಡನು ವಿಶ್ವಾಸದಿಂದ ಹೇಳಿದ ಮಾತನ್ನು ಅವನ ವಿರುದ್ಧವೇ ಬಳಸದೆ ಕಾಪಾಡಿದರೇ? ಹೌದೆನ್ನುವ ಉತ್ತರ ಬಂದರೆ ಶಾಲು ಹೊದಿಸುವುದು ಸಾರ್ಥಕ. ಕ್ಷಮಾವಾಣಿಯ ದಿನ ಸಕಲ ಜೀವಿಗಳಲ್ಲಿ ಕ್ಷಮೆ ಬೇಡುವ ಶ್ರಾವಕನು ಅದಕ್ಕೂ ಮುನ್ನ ತನ್ನ ಮೇಜಿನ ಮೇಲಿನ ಕಡತವನ್ನು ಬಿಚ್ಚಿ, ಅದರೊಳಗೆ ಕಾದು ಕುಳಿತವನಿಗೆ ಉತ್ತರ ಬರೆಯಲಿ.