ವಯರ್ ಎಳೆದ ಕೈಗೆ ನಾಚಿಕೆ ಯಾಕೆ?

ಮೊನ್ನೆ ಜುಬೈಲಿನಿಂದ ಭಾವ ಫೋನ್ ಮಾಡಿದ್ದರು. ಮಗನಿಗೆ ಸಿಇಟಿಯಲ್ಲಿ ಸರಕಾರಿ ಕೋಟಾದ ಇಲೆಕ್ಟ್ರಿಕಲ್ ಸೀಟು ಸಿಕ್ಕಿದೆ. ಭಾವನಿಗೆ ಅದು ಬೇಡ. 15 ಲಕ್ಷ ಹೊಂದಿಸಿ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕಂಪ್ಯೂಟರ್ ಸೈನ್ಸಿಗೇ ಸೇರಿಸಬೇಕಂತೆ. "18 ವರ್ಷ ನಾನು ವಯರ್ ಎಳೆದದ್ದು ಸಾಕು. ಅವನೂ ಎಳೆಯಬೇಕಾ? ನಿನ್ನ ಹಾಗೆ ಎಸಿಯಲ್ಲಿ ಕೂರಲಿ" ಅಂದರು. ಆಗ ಬಾಯಿ ಬರಲಿಲ್ಲ. ಈಗ ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ಹಲವು ಮನೆಗಳ ಕತೆ.

ಭಾವ, ಇಲೆಕ್ಟ್ರಿಕಲ್ ಇಂಜಿನಿಯರ್ ಅಂದರೆ ವಯರ್‌ಮನ್ ಅಲ್ಲ. ಕೇಬಲ್ ಎಷ್ಟು ದಪ್ಪ ಇರಬೇಕು, ಟ್ರಾನ್ಸ್‌ಫಾರ್ಮರ್ ಎಷ್ಟು ಕೆವಿಎ ಬೇಕು, ಬ್ರೇಕರ್ ಯಾವಾಗ ಟ್ರಿಪ್ ಆಗಬೇಕು ಎಂದು ಲೆಕ್ಕ ಹಾಕುವವನು ಅವನು. ಸೈಟಿನಲ್ಲಿ ನೀವು ಕೈಯಲ್ಲಿ ಹಿಡಿಯುವ ಡ್ರಾಯಿಂಗ್ ಅವನದ್ದು.

ನಾನು ಬಿ.ಕಾಂ. ಓದಿ ಲೆಕ್ಕ ಬರೆಯುವವನು. ನಾನಿರುವ ಅಲ್ಫರೆಟಾದಲ್ಲಿ ಸಾಫ್ಟ್‌ವೇರ್ ಆಫೀಸುಗಳಿಗೆ ಬರವಿಲ್ಲ. ಆದರೆ 2022ರ ನವೆಂಬರಿನಲ್ಲಿ ಮೆಟಾ 11 ಸಾವಿರ, 2023ರ ಜನವರಿಯಲ್ಲಿ ಗೂಗಲ್ 12 ಸಾವಿರ ಮಂದಿಯನ್ನು ತೆಗೆಯುತ್ತೇವೆ ಎಂದಾಗ ಎಸಿಯೊಳಗೂ ಬೆವರು ಬಂತು. ಎಚ್‌-1ಬಿ ವೀಸಾದವರಿಗೆ ಕೆಲಸ ಹೋದರೆ ಬೇರೆ ದಾರಿ ಹುಡುಕಲು ಹೆಚ್ಚೆಂದರೆ 60 ದಿನ. ಇದೇ ಜಾರ್ಜಿಯಾದ ವೋಗಲ್ ಅಣು ವಿದ್ಯುತ್ ಸ್ಥಾವರದಲ್ಲಿ 2023 ಮತ್ತು 2024ರಲ್ಲಿ ಎರಡು ಹೊಸ ಘಟಕಗಳು ಶುರುವಾದವು. ಅಟ್ಲಾಂಟಾದ ಸುತ್ತ ಡಾಟಾ ಸೆಂಟರುಗಳು ಏಳುತ್ತಿವೆ. ಕರೆಂಟಿಲ್ಲದೆ ಯಾವ ಕಂಪ್ಯೂಟರ್ ಓಡುತ್ತದೆ, ಮಾರಾಯ್ರೆ?

ಕಂಪ್ಯೂಟರ್ ಕೆಟ್ಟದು ಎನ್ನುತ್ತಿಲ್ಲ. ಹುಡುಗ ತಾನಾಗಿಯೇ ಪ್ರೋಗ್ರಾಂ ಬರೆಯುತ್ತಿದ್ದರೆ, ಮೆರಿಟ್ ಸೀಟು ಸಿಕ್ಕಿದರೆ, ಕಳಿಸಿ. ಇಲೆಕ್ಟ್ರಿಕಲ್ಲೂ ಸುಲಭವಲ್ಲ, ಗಣಿತಕ್ಕೆ ಹೆದರುವವನಿಗೆ ಅದು ಆಗದು. ಆದರೆ ಇಲೆಕ್ಟ್ರಿಕಲ್ ಓದುವವನು ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೋಡಿಂಗ್ ಕಲಿಯಬಹುದು. ಹೈವೋಲ್ಟೇಜ್ ಪಾಠವನ್ನು ಮನೆಯಲ್ಲಿ ಕಲಿಯಲಿಕ್ಕಾಗುವುದಿಲ್ಲ.

ನನ್ನ ಜಗಳ ಬ್ರಾಂಚಿನ ಹೆಸರಿಗೆ ಕೊಡುವ ಆ 15 ಲಕ್ಷದ ಜೊತೆ. ಅದರಲ್ಲಿ ಅಕ್ಕನ ಬಂಗಾರವಿದೆ, ಸಣ್ಣ ಮಗಳ ಓದಿನ ದುಡ್ಡಿದೆ. ಕೊಡುವ ಮೊದಲು ಮೂರು ಮಾತು ವಿಚಾರಿಸಿ. ಹುಡುಗನಿಗೆ ಏನು ಇಷ್ಟ? ಆ ಕಾಲೇಜಿನಿಂದ ಹೋದ ವರ್ಷ ಎಷ್ಟು ಮಂದಿಗೆ, ಎಷ್ಟು ಸಂಬಳದ ಕೆಲಸ ಸಿಕ್ಕಿತು? ಇದನ್ನು ಬ್ರೋಷರಿಗಲ್ಲ, ಅಲ್ಲಿ ಓದಿದ ಮಕ್ಕಳಿಗೆ ಕೇಳಿ. ಮೂರನೆಯದು, ನಾಳೆ ಮಗಳು ಕಾಲೇಜಿಗೆ ಹೊರಟರೆ ಕೈಯಲ್ಲಿ ಏನು ಉಳಿದಿರುತ್ತದೆ?

ಹುಡುಗನನ್ನು ನಾನೇ ಕೇಳಿದೆ. "ಮಾಮ, ನನಗೆ ಇಲೆಕ್ಟ್ರಿಕಲ್ಲೇ ಇಷ್ಟ. ಉಪ್ಪನಿಗೆ ಬೇಸರ ಆಗ್ತದೆ ಅಂತ ಹೇಳಲಿಲ್ಲ" ಅಂದ.

ಭಾವ, ನಿಮ್ಮ ಕೆಲಸದ ಬಗ್ಗೆ ಅವನಿಗಿಲ್ಲದ ನಾಚಿಕೆ ನಿಮಗೆ ಯಾಕೆ?