ಉರಿ ಹೋಯ್ತು, ಸೋಂಕು ಹೋಯ್ತಾ?

ನಾನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಔಷಧಗಳ ಪಾಠ ಮಾಡ್ತೀನಿ. ಮೂತ್ರನಾಳದ ಸೋಂಕಿನ ಪಾಠ ಬಂದಾಗ ಪ್ರತಿ ಬ್ಯಾಚ್‌ಗೂ ಒಂದು ಪ್ರಶ್ನೆ ಇರುತ್ತೆ: 'ಉರಿಮೂತ್ರ ಆದ್ರೆ ಮನೇಲಿ ಏನ್ ಮಾಡ್ತೀರಿ?' ಎಳನೀರು, ಬಾರ್ಲಿ ನೀರು ಮುಗಿದ ಮೇಲೆ ಬರೋ ಉತ್ತರ ಒಂದೇ: 'ಮೆಡಿಕಲ್ ಶಾಪ್‌ನಿಂದ ಸಿರಪ್ ತರ್ತೀವಿ ಮೇಡಂ.' ಆಫೀಸಿಗೆ ಹೋಗೋ ನೀವೂ ಬಹುಶಃ ಅದನ್ನೇ ಮಾಡ್ತೀರಿ.

ಆ ಸಿರಪ್‌ನಲ್ಲಿ ಸಾಮಾನ್ಯವಾಗಿ ಇರೋದು ಸಿಟ್ರೇಟ್ ಲವಣ. ಅದು ಮೂತ್ರದ ಆಮ್ಲೀಯತೆ ಇಳಿಸುತ್ತೆ, ಉರಿ ತಗ್ಗಬಹುದು. ಆದರೆ ಬ್ಯಾಕ್ಟೀರಿಯಾ ಸಾಯಲ್ಲ. ಹೆಚ್ಚಿನ ಸೋಂಕಿಗೆ ಕಾರಣ ಇ. ಕೋಲೈ, ನಮ್ಮ ಕರುಳಲ್ಲೇ ಇರುವ ಬ್ಯಾಕ್ಟೀರಿಯಾ. ಅದಕ್ಕೆ ವೈದ್ಯರು ಬರೆಯುವ ನೈಟ್ರೊಫ್ಯುರಾಂಟೊಯಿನ್ ಆಮ್ಲೀಯ ಮೂತ್ರದಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ. ಜೊತೆಗೆ ಸಿರಪ್ಪೂ ಕುಡಿದ್ರೆ? ಎತ್ತು ಏರಿಗೆ, ಕೋಣ ನೀರಿಗೆ! ಹಾಗಾಗಿ ಸಿರಪ್ ಕುಡೀತಿದ್ರೆ ವೈದ್ಯರಿಗೆ ಮೊದಲೇ ಹೇಳಿ.

ಈ ಮಾತ್ರೆಯನ್ನ ಊಟದ ಜೊತೆ ತಗೊಳ್ಳಿ, ವಾಕರಿಕೆ ಕಡಿಮೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿದ್ರೆ ಗಾಬರಿ ಬೇಡ. ಉರಿ ಶಮನಕ್ಕೆ ಕೊಡುವ ಫೆನಾಜೊಪಿರಿಡಿನ್‌ನಿಂದ ಕಿತ್ತಳೆ ಬಣ್ಣ ಬರುತ್ತೆ. ಅದು ಬರೀ ನೋವಿಗೆ, ಆ್ಯಂಟಿಬಯಾಟಿಕ್ ಜೊತೆ 2 ದಿನ ಸಾಕು. ಉರಿ ನಿಂತಿತು ಅಂತ ಮಾತ್ರ ಆ್ಯಂಟಿಬಯಾಟಿಕ್ ಅರ್ಧಕ್ಕೆ ನಿಲ್ಲಿಸಬೇಡಿ. 5 ದಿನಕ್ಕೆ ಬರೆದಿದ್ರೆ 5 ದಿನವೂ ನುಂಗಬೇಕು.

ವಿದ್ಯಾರ್ಥಿಗಳಿಗೆ ನಾನು ಒತ್ತಿ ಹೇಳೋ ಮಾತು: ಕಲ್ಚರ್ ಪರೀಕ್ಷೆ ಬರೆದಿದ್ರೆ ಮೊದಲ ಮಾತ್ರೆಗೆ ಮುಂಚೆಯೇ ಸ್ಯಾಂಪಲ್ ಕೊಡಿಸಿ. ಮೊದಲು ಸ್ವಲ್ಪ ಬಿಟ್ಟು, ನಡುವಿನ ಮೂತ್ರ ಹಿಡಿಯಬೇಕು. ಮನೇಲಿ ಉಳಿದ ಹಳೇ ಆ್ಯಂಟಿಬಯಾಟಿಕ್ ನುಂಗಿ ಲ್ಯಾಬ್‌ಗೆ ಹೋದ್ರೆ, ಸೋಂಕಿದ್ದರೂ ಬ್ಯಾಕ್ಟೀರಿಯಾ ಬೆಳೆಯದೆ ಇರಬಹುದು. ಯಾವ ಔಷಧ ನಾಟುತ್ತೆ ಅನ್ನೋದೂ ಗೊತ್ತಾಗಲ್ಲ.

ಮನೇಲಿ ಪ್ರಾಸ್ಟೇಟ್ ತೊಂದರೆಯಿರುವ ಅಪ್ಪ, ತಾತ ಇದ್ರೆ ನೆಗಡಿ ಮಾತ್ರೆ ಬಗ್ಗೆಯೂ ಎಚ್ಚರ. ಅದರಲ್ಲಿರುವ ಕ್ಲೋರ್‌ಫೆನಿರಮೈನ್‌ನಂಥ ಔಷಧದಿಂದ ಮೂತ್ರ ಕಟ್ಟಿಕೊಳ್ಳಬಹುದು. ಪೂರ್ತಿ ನಿಂತುಹೋದ್ರೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಚಳಿಜ್ವರ, ಪಕ್ಕೆ-ಬೆನ್ನು ನೋವು, ವಾಂತಿ ಇದ್ರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ನೈಟ್ರೊಫ್ಯುರಾಂಟೊಯಿನ್ ಅಲ್ಲಿಗೆ ಸಾಲದು. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು ಉರಿ ಶುರುವಾದ ದಿನವೇ ವೈದ್ಯರನ್ನ ನೋಡಿ. ಮೀಟಿಂಗ್ ಅರ್ಧ ಗಂಟೆ ತಡವಾದ್ರೂ ನಡೆಯುತ್ತೆ, ಕಿಡ್ನಿ ಸೋಂಕು ಕಾಯಲ್ಲ.