‘ಇದು ಸೋಲೋದೇ ಇಲ್ಲ’ ಅಂದ ಕುದುರೆಗಳ ಲೆಕ್ಕ

ಮಾರ್ಚ್ ತಿಂಗಳು ಬಂತೆಂದರೆ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ ನಾಲ್ಕು ದಿನ ಕುದುರೆ ಜಾತ್ರೆ. ಮೊದಲ ದಿನದ ಮೊದಲ ಓಟಕ್ಕೆ ಸುಪ್ರೀಂ ನಾವಿಸಸ್ ಹರ್ಡಲ್ ಎಂದು ಹೆಸರು. ಆ ಓಟಕ್ಕೆ ಒಂದು ವಾರ ಇರುವಾಗಲೇ ಅಲ್ಲಿನ ಪತ್ರಿಕೆ, ಟಿವಿ, ಯೂಟ್ಯೂಬ್ ಎಲ್ಲ ಕಡೆ ಒಂದೇ ಚರ್ಚೆ: ಈ ಸಲದ ಭಾರೀ ಫೇವರಿಟ್‌ನ ಸೋಲಿಸೋಕೆ ಆಗುತ್ತಾ? ಆಗಲ್ಲ ಅಂತ ಹತ್ತು ಜನ ಪಂಡಿತರು ಹೇಳುತ್ತಾರೆ. ಅದನ್ನೇ ಕತ್ತರಿಸಿ ಅಂಟಿಸಿದ ‘ನೂರಕ್ಕೆ ನೂರು ಪಕ್ಕಾ’ ಮೆಸೇಜುಗಳು ಸುತ್ತಿ ಬಳಸಿ ನಮ್ಮ ಫೋನಿಗೂ ಬಂದು ಬೀಳುತ್ತವೆ. ಚೆಲ್ಟನ್‌ಹ್ಯಾಮ್ ಎಲ್ಲಿದೆ ಅಂತ ಗೊತ್ತಿಲ್ಲದ ಹುಡುಗರೂ ಆ ಕುದುರೆಯ ಹೆಸರು ಹೇಳುತ್ತಾರೆ.

ನಮ್ಮ ಉತ್ತರ ಮೊದಲೇ ಹೇಳಿಬಿಡುತ್ತೇವೆ. ಸೋಲಿಸಬಹುದು. ಸೋತಿವೆ. ಮುಂದೆಯೂ ಸೋಲುತ್ತವೆ. ‘ಸೋಲೋದೇ ಇಲ್ಲ’ ಎಂದು ಬರೆಯುವವರು ಕುದುರೆಯ ಬಗ್ಗೆ ಏನನ್ನೂ ಹೇಳುತ್ತಿಲ್ಲ, ನಿಮ್ಮ ಜೇಬಿಗೆ ಕೈ ಹಾಕುತ್ತಿದ್ದಾರೆ.

ಬೆಂಗಳೂರು, ಮೈಸೂರಿನಲ್ಲಿ ನೋಡುವ ರೇಸು ಸಪಾಟು ಓಟ. ದಾರಿಯಲ್ಲಿ ಅಡ್ಡ ಏನೂ ಇಲ್ಲ. ಬ್ರಿಟನ್, ಐರ್ಲೆಂಡಿನಲ್ಲಿ ಚಳಿಗಾಲದ ರೇಸಿನಲ್ಲಿ ದಾರಿಗೆ ಅಡ್ಡಲಾಗಿ ಬೇಲಿ ನಿಲ್ಲಿಸುತ್ತಾರೆ. ಹರ್ಡಲ್ ಅಂದರೆ ಸುಮಾರು ಮೂರೂವರೆ ಅಡಿ ಎತ್ತರದ, ಕುರುಚಲು ಕಡ್ಡಿ ಸಿಕ್ಕಿಸಿದ, ತಗುಲಿದರೆ ಹಿಂದಕ್ಕೆ ಬಾಗುವ ಬೇಲಿ. ಸುಪ್ರೀಂ ಓಟ ಎರಡು ಮೈಲಿಗಿಂತ ಅರ್ಧ ಫರ್ಲಾಂಗಿನಷ್ಟು ಜಾಸ್ತಿ, ಅಂದರೆ ಮೂರು ಕಿಲೋಮೀಟರ್ ದಾಟಿ ಚಿಲ್ಲರೆ. ಅಷ್ಟರಲ್ಲಿ ಎಂಟು ಬೇಲಿ. ಕೊನೆಯ ಬೇಲಿ ಹಾರಿದ ಮೇಲೆ ಗೆಲುವಿನ ಗೆರೆಗೆ ಏರು ಹತ್ತಿ ಹೋಗಬೇಕು. ಗಾಡಿಗೆ ಎತ್ತು ಕಟ್ಟಿ ಅನುಭವ ಇರುವವರಿಗೆ ಕೊನೆಯ ಏರು ಎಂದರೆ ಏನು ಅಂತ ನಾವು ಹೇಳಬೇಕಿಲ್ಲ.

ನಾವಿಸ್ ಅಂದರೆ ಹೊಸಬ. ಆ ಸೀಸನ್ ಶುರುವಾಗುವ ತನಕ ಬೇಲಿ ಓಟದಲ್ಲಿ ಒಂದೂ ಗೆದ್ದಿರದ ಕುದುರೆ. ಇಡೀ ವಾದ ನಿಂತಿರುವುದು ಈ ಒಂದು ಪದದ ಮೇಲೆ. ಪಂಡಿತರು ಓಡಿಹೋಗಿ ದಾಟುವುದೂ ಇದನ್ನೇ.

ಅನುಭವಿ ಕುದುರೆಯಾದರೆ ಇಪ್ಪತ್ತು ಮೂವತ್ತು ಓಟದ ದಾಖಲೆ ಇರುತ್ತದೆ. ಕೆಸರಲ್ಲಿ ಹೇಗೆ, ಗಟ್ಟಿ ನೆಲದಲ್ಲಿ ಹೇಗೆ, ಗುಂಪಿನ ಮಧ್ಯೆ ಸಿಕ್ಕಿಬಿದ್ದರೆ ಏನು ಮಾಡುತ್ತದೆ, ಎಲ್ಲ ಗೊತ್ತು. ಹೊಸಬನ ಬಗ್ಗೆ ಗೊತ್ತಿರುವುದು ಎರಡೋ ಮೂರೋ ಓಟ. ಅದರಲ್ಲೂ ಎಷ್ಟೋ ಸಲ ಎದುರಾಳಿಗಳು ಬಡಪಾಯಿಗಳು. ಏಳೆಂಟು ಕುದುರೆಯ ಚಿಕ್ಕ ಗುಂಪು, ನಿಧಾನದ ಓಟ, ಕೊನೆಗೆ ಆರಾಮಾಗಿ ಹದಿನೈದು ಕುದುರೆಯುದ್ದ ಮುಂದೆ. ಟಿವಿಯಲ್ಲಿ ನೋಡಿದರೆ ಗಾಳಿಯ ಮಗ ಅನ್ನಿಸುತ್ತದೆ. ಚೆಲ್ಟನ್‌ಹ್ಯಾಮ್‌ನಲ್ಲಿ ಅದೇ ಕುದುರೆ ತನ್ನಷ್ಟೇ ಗೆದ್ದು ಬಂದ ಹದಿನೈದು ಹದಿನೆಂಟು ಕುದುರೆಗಳ ನಡುವೆ, ಮೊದಲ ಬೇಲಿಯಿಂದಲೇ ಬಿರುಸಾಗಿ ಓಡಬೇಕು. ಈ ಪರೀಕ್ಷೆ ಅದು ಹಿಂದೆ ಬರೆದೇ ಇಲ್ಲ. ಬರೆಯದ ಪರೀಕ್ಷೆಯ ಫಲಿತಾಂಶವನ್ನು ಪತ್ರಿಕೆಯಲ್ಲಿ ಮೊದಲೇ ಅಚ್ಚು ಹಾಕುವುದಕ್ಕೆ ಏನನ್ನಬೇಕು?

2010ರ ಡಂಗೀಬ್ ಎಂಬ ಕುದುರೆಯ ಕಥೆ ಕೇಳಿ. ಐರ್ಲೆಂಡಿನದು. 2009ರಲ್ಲಿ ಇದೇ ಚೆಲ್ಟನ್‌ಹ್ಯಾಮ್‌ನಲ್ಲಿ ಚಾಂಪಿಯನ್ ಬಂಪರ್ ಗೆದ್ದಿತ್ತು. ಬಂಪರ್ ಅಂದರೆ ಮುಂದೆ ಬೇಲಿ ಹಾರಲಿರುವ ಕುದುರೆಗಳನ್ನು ಮೊದಲು ಬೇಲಿ ಇಲ್ಲದೆ ಓಡಿಸುವ ಓಟ. ಅದಾದ ಚಳಿಗಾಲದಲ್ಲಿ ಐರ್ಲೆಂಡಿನಲ್ಲಿ ರಾಯಲ್ ಬಾಂಡ್, ಡೆಲಾಯ್ಟ್ ಎಂಬ ಎರಡು ದೊಡ್ಡ ಹೊಸಬರ ಹರ್ಡಲ್ ಓಟಗಳನ್ನೂ ಬಾಚಿಕೊಂಡಿತು. ಅಲ್ಲಿಗೆ ಮುಗಿಯಿತು, ಆ ವರ್ಷದ ಸುಪ್ರೀಂ ಓಟವೇ ಬೇಡ, ಕಪ್ ಕೊಟ್ಟು ಕಳಿಸಿ ಅನ್ನುವಷ್ಟು ಸದ್ದು. ಅದು ಬೇಲಿ ಹಾರುವುದು ಅಷ್ಟೇನೂ ನಯವಾಗಿಲ್ಲ ಅಂತ ಕೆಲವರು ಎಚ್ಚರಿಸಿದ್ದರು. ಅವರನ್ನು ಹೊಟ್ಟೆಕಿಚ್ಚಿನವರು ಅಂದರು. ಓಟ ಶುರುವಾಗುವಾಗ ದರ 4/5. ಐದು ರೂಪಾಯಿ ಕಟ್ಟಿದರೆ ಗೆದ್ದಾಗ ಲಾಭ ನಾಲ್ಕೇ ರೂಪಾಯಿ.

ಗೆದ್ದದ್ದು ಮೆನೋರಾ, 12/1 ದರದ ಕುದುರೆ. ತಲೆಯಷ್ಟು ಅಂತರದಲ್ಲಿ ಎರಡನೆಯದು ಗೆಟ್ ಮಿ ಔಟ್ ಆಫ್ ಹಿಯರ್. ಡಂಗೀಬ್ ಮೂರನೆಯದು. ಮಾರನೆಯ ದಿನದಿಂದ ಎಲ್ಲರೂ ಜಾಕಿಯನ್ನು ಬೈದರು. ಹಿಂದೆ ಇಟ್ಟುಕೊಂಡ, ಹೊರಬದಿಯಲ್ಲಿ ಸುತ್ತಿ ತಂದ, ಇಲ್ಲದಿದ್ದರೆ ಗೆಲ್ಲುತ್ತಿತ್ತು ಅಂತ. ಇರಬಹುದು. ಆದರೆ ಜಾಕಿ ಏನು ಓಟದ ಹೊರಗಿನವನೇ? ಹದಿನೆಂಟು ಕುದುರೆ ಇರುವಲ್ಲಿ ದಾರಿ ಹುಡುಕುವುದು, ಬೇಲಿಗೆ ಹೆಜ್ಜೆ ಹೊಂದಿಸುವುದು, ಇವೆಲ್ಲ ಸೇರಿಯೇ ಓಟ. ‘ಸೋಲೋದೇ ಇಲ್ಲ’ ಅಂದವರು ಇದನ್ನೆಲ್ಲ ಲೆಕ್ಕಕ್ಕೆ ಹಿಡಿದಿರಲಿಲ್ಲ ಅಷ್ಟೇ. ಲೆಕ್ಕ ತಪ್ಪಿದ್ದು ಇವರದು, ಬೈಗುಳ ಜಾಕಿಗೆ.

ಡಂಗೀಬ್ ಒಂದೇ ಅಲ್ಲ. ಅದರ ಮರುವರ್ಷ, 2011ರಲ್ಲಿ, ಕ್ಯೂ ಕಾರ್ಡ್ ಫೇವರಿಟ್. ಬಂದದ್ದು ನಾಲ್ಕನೆಯದಾಗಿ. ಗೆದ್ದದ್ದು ಅಲ್ ಫೆರೋಫ್. 2018ರಲ್ಲಿ ಗೆಟಬರ್ಡ್ ಫೇವರಿಟ್. ಮುಂದೆ ಮುಂದೆ ಓಡಿ, ಕೊನೆಗೆ ಉಸಿರು ಕಟ್ಟಿ ಹನ್ನೊಂದನೇ ಸ್ಥಾನ. ಆ ಓಟ ಗೆದ್ದ ಸಮ್ಮರ್‌ವಿಲ್ ಬಾಯ್ ಕೊನೆ ಕೊನೆಯಲ್ಲಿ ಬೇಲಿಗೆ ಕಾಲು ತಗುಲಿಸಿಕೊಂಡೂ ಗೆದ್ದಿತು.

2017ರದು ಇನ್ನೂ ಮಜ. ಲಬೇಕ್ ಎಂಬ ಕುದುರೆಗೆ ಒಂದು ಕೆಟ್ಟ ಚಟ. ಓಟ ಶುರು ಅಂದಾಗ ಅಲ್ಲೇ ನಿಂತುಬಿಡುವುದು. ಆ ಸೀಸನ್‌ನಲ್ಲಿ ಒಂದಕ್ಕಿಂತ ಹೆಚ್ಚು ಸಲ ಹಾಗೆ ಮೊಂಡು ಹಿಡಿದು ನಿಂತಿತ್ತು. ಹೊರಟರೆ ಸಾಕಪ್ಪ ಅನ್ನುವ ಸ್ಥಿತಿ, ದರ 25/1. ಅವತ್ತು ಅದಕ್ಕೆ ಏನು ತೋಚಿತೋ, ಎಲ್ಲರ ಜೊತೆ ಹೊರಟಿತು, ಫೇವರಿಟ್ ಮೆಲನ್ ಅನ್ನು ಹಿಂದೆ ಹಾಕಿ ಗೆದ್ದಿತು. ಮೇಲೆ ಕೂತಿದ್ದ ಜ್ಯಾಕ್ ಕೆನಡಿಗೆ ಆಗ ಹದಿನೇಳು ವರ್ಷ. ಯಾವ ಪಂಡಿತ ಇದನ್ನು ಬರೆದಿದ್ದ?

ಎದುರು ವಾದವನ್ನೂ ಕೇಳೋಣ. 2021ರಲ್ಲಿ ಅಪ್ರಿಶಿಯೇಟ್ ಇಟ್ 8/11 ದರದಲ್ಲಿ ಹೋಗಿ 24 ಕುದುರೆಯುದ್ದದಿಂದ ಗೆದ್ದಿತು. 2024ರಲ್ಲಿ ಬ್ಯಾಲಿಬರ್ನ್ ಅದೇ ಜಾತ್ರೆಯ ಇನ್ನೊಂದು, ಉದ್ದನೆಯ ಹೊಸಬರ ಹರ್ಡಲ್ ಅನ್ನು ಆಟದಂತೆ ಗೆದ್ದಿತು, ದರ 1/2. 2025ರಲ್ಲಿ ಕೋಪೆಕ್ ದೆ ಬೋರ್ಡ್ 4/6 ದರದಲ್ಲಿ ಸುಪ್ರೀಂ ಗೆದ್ದಿತು. ಮೂರೂ ಐರ್ಲೆಂಡಿನ ವಿಲ್ಲಿ ಮಲಿನ್ಸ್ ತಯಾರು ಮಾಡಿದವು. ಆ ಲಾಯದಿಂದ ಭಾರೀ ಫೇವರಿಟ್ ಬಂದರೆ ತಲೆಬಾಗಿ ಎನ್ನುವವರಿಗೆ ಇವೇ ಸಾಕ್ಷಿ. ಸರಿ, ಒಪ್ಪಿದೆವು. ಫೇವರಿಟ್ ಗೆಲ್ಲುವ ಸಾಧ್ಯತೆ ಬೇರೆ ಯಾವುದೇ ಒಂದು ಕುದುರೆಗಿಂತ ಜಾಸ್ತಿ, ಅದಕ್ಕೇ ಅದು ಫೇವರಿಟ್. ಫೇವರಿಟ್ ಎಂದರೆ ಸಾಕು, ಅದರ ವಿರುದ್ಧ ಮಾತಾಡುವುದೇ ಜಾಣತನ ಎಂದುಕೊಂಡ ಇನ್ನೊಂದು ಪಂಗಡವಿದೆ. ಅವರ ಮಾತಿಗೂ ನಮ್ಮಲ್ಲಿ ಬೆಲೆಯಿಲ್ಲ. ಆದರೆ ಎಲ್ಲರಿಗಿಂತ ಹೆಚ್ಚು ಸಾಧ್ಯತೆ ಅನ್ನುವುದಕ್ಕೂ ಸೋಲೇ ಇಲ್ಲ ಅನ್ನುವುದಕ್ಕೂ ಅಜಗಜಾಂತರ. ಕೋಪೆಕ್ ಗೆದ್ದ ಅಂತರ ಎರಡು ಕುದುರೆಯುದ್ದಕ್ಕೂ ಕಡಿಮೆ, ಅದಕ್ಕೂ ಮೊದಲು ಅದು ಹರ್ಡಲ್ ಹಾರಿದ್ದು ಎರಡೇ ಓಟದಲ್ಲಿ. ಅದು ಗೆದ್ದ ಮರುದಿನವೇ, ಅದೇ ಲಾಯದ ಫೈನಲ್ ಡಿಮ್ಯಾಂಡ್ ಫೇವರಿಟ್ ಆಗಿ ಓಡಿ ಮೂರನೆಯದಾಯಿತು. ಗೆದ್ದದ್ದು ದಿ ನ್ಯೂ ಲಯನ್.

ಈಗ ಲೆಕ್ಕಕ್ಕೆ ಬನ್ನಿ, ಇದಕ್ಕೆ ಶಾಲೆಯ ಗಣಿತ ಸಾಕು. 4/6 ದರ ಅಂದರೆ ಆರು ರೂಪಾಯಿ ಕಟ್ಟಿ ಗೆದ್ದರೆ ನಾಲ್ಕು ರೂಪಾಯಿ ಲಾಭ. ಇಂಥ ಹತ್ತು ಓಟಕ್ಕೆ ಕಟ್ಟಿದಿರಿ ಅನ್ನಿ. ಆರು ಗೆದ್ದರೆ ಲಾಭ ಇಪ್ಪತ್ತನಾಲ್ಕು. ನಾಲ್ಕು ಸೋತರೆ ನಷ್ಟವೂ ಇಪ್ಪತ್ತನಾಲ್ಕು. ಅಂದರೆ ಹತ್ತಕ್ಕೆ ಆರು ಗೆದ್ದರೂ ಕೈಗೆ ಬರುವುದು ಸೊನ್ನೆ. ಬುಕ್ಕಿ ತಾನೇ ಕೊಟ್ಟ ದರದಲ್ಲಿ ‘ಇದು ಹತ್ತರಲ್ಲಿ ನಾಲ್ಕು ಸಲ ಸೋಲುತ್ತದೆ’ ಅಂತ ಬರೆದು ಕೊಟ್ಟ ಹಾಗೆ. ಅದರಲ್ಲೂ ಬುಕ್ಕಿ ತನ್ನ ಪಾಲು ಮೊದಲೇ ಹಿಡಿದುಕೊಂಡಿರುತ್ತಾನೆ. ಓಟದ ಎಲ್ಲ ಕುದುರೆಗಳ ದರವನ್ನು ಹೀಗೆ ಶೇಕಡಾ ಲೆಕ್ಕಕ್ಕೆ ತಂದು ಕೂಡಿಸಿದರೆ ನೂರು ದಾಟುತ್ತದೆ. ಆ ದಾಟಿದ್ದೇ ಅವನ ಅನ್ನ. ಹಾಗಾಗಿ ನಿಜವಾದ ಸೋಲಿನ ಸಾಧ್ಯತೆ ನಾಲ್ಕಕ್ಕಿಂತ ಜಾಸ್ತಿ ಇರುವುದೇ ವಾಡಿಕೆ. ಪಂಡಿತ ಮಾತ್ರ ‘ಸೋಲೇ ಇಲ್ಲ’ ಅನ್ನುತ್ತಾನೆ. ಇಬ್ಬರಲ್ಲಿ ಸ್ವಂತ ದುಡ್ಡು ಇಟ್ಟಿರುವವನು ಬುಕ್ಕಿ. ಯಾರ ಮಾತು ನಂಬುತ್ತೀರಿ?

‘ಮೂರು ಪಕ್ಕಾ ಕುದುರೆ ಒಟ್ಟಿಗೆ ಕಟ್ಟಿ’ ಅಂತ ಬರುವ ಮೆಸೇಜು ಇದಕ್ಕಿಂತ ಕೆಟ್ಟದ್ದು. ಒಂದೊಂದಕ್ಕೂ ಹತ್ತರಲ್ಲಿ ಆರು ಸಾಧ್ಯತೆ ಅಂತಲೇ ಇಟ್ಟುಕೊಳ್ಳಿ. ಮೂರೂ ಗೆಲ್ಲಬೇಕಾದರೆ ಸಾವಿರಕ್ಕೆ 216. ಉಳಿದ 784 ಸಲ ಪೂರ್ತಿ ದುಡ್ಡು ಹೋಯಿತು. ಪಕ್ಕಾ, ಪಕ್ಕಾ, ಪಕ್ಕಾ ಅಂತ ಮೂರು ಸಲ ಕೂಡಿಸಿದರೆ ಬರುವ ಮೊತ್ತ ಇದು. 2025ರ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಕಾನೂನು ಬಂದ ಮೇಲೂ ಮೆಸೇಜು ನಿಂತಿಲ್ಲ, ಅದು ನಿಮ್ಮ ಫೋನೇ ಹೇಳುತ್ತದೆ.

ನಮಗೆ ಹೆಚ್ಚು ಸಿಟ್ಟು ಬರುವುದು ಬುಕ್ಕಿಯ ಮೇಲಲ್ಲ, ನಮ್ಮದೇ ಕಸುಬಿನವರ ಮೇಲೆ. ನಾವು ಜಿಲ್ಲೆಯಲ್ಲಿ ಸುದ್ದಿಗೆ ಇಷ್ಟು ಅಂತ ಲೆಕ್ಕ ಹಾಕಿ ಕಾಸು ತೆಗೆದುಕೊಳ್ಳುವವರು. ‘ಗೆದ್ದೇ ಗೆಲ್ಲುತ್ತಾರೆ’ ಎಂದು ಚುನಾವಣೆಗೆ ಮೊದಲೇ ತಲೆಬರಹ ಕೊಟ್ಟರೆ ಡೆಸ್ಕಿನವರಿಗೆ ಖುಷಿ ಅನ್ನುವುದು ನಮಗೂ ಗೊತ್ತು. ‘ಗೆಲ್ಲಬಹುದು, ಆದರೆ ಇಂಥಿಂಥ ಅನುಮಾನಗಳಿವೆ’ ಎಂದು ಬರೆದರೆ ಅದು ಒಳಪುಟಕ್ಕೆ ಹೋಗುತ್ತದೆ. ಲಂಡನ್ನಿನ ರೇಸ್ ವರದಿಗಾರನಿಗೂ ಇದೇ ಕರ್ಮ ಇದ್ದೀತು. ಅವನು ‘ಬ್ಯಾಂಕರ್’ ಅನ್ನುವ ಪದ ಬಳಸುತ್ತಾನೆ. ಬ್ಯಾಂಕಿನಲ್ಲಿಟ್ಟ ದುಡ್ಡಿನಷ್ಟು ಭದ್ರ ಅಂತ ಓದುವವನಿಗೆ ಕೇಳಿಸಬೇಕು, ಅದಕ್ಕೆ. ಯಾವ ಬ್ಯಾಂಕು ಹತ್ತು ಠೇವಣಿಯಲ್ಲಿ ನಾಲ್ಕನ್ನು ನುಂಗಿ ಹಾಕುತ್ತದೆ?

‘ಬ್ಯಾಂಕರ್’ ಅನ್ನುವಾಗ ಇನ್ನೂ ಒಂದು ಮರೆತುಹೋಗುತ್ತದೆ. ಬೇಲಿ ಹಾರುವುದು ಜೀವ ಇರುವ ಪ್ರಾಣಿ, ಮೇಲೆ ಕೂತವನೂ ಮನುಷ್ಯ. 2023ರ ಸುಪ್ರೀಂನಲ್ಲಿ ಫೇವರಿಟ್ ಫಸೀಲ್ ವೇಗಾ. ತಾಯಿ ಕ್ವೆವೇಗಾ ಚೆಲ್ಟನ್‌ಹ್ಯಾಮ್‌ನಲ್ಲಿ ಒಂದೇ ಓಟವನ್ನು ಆರು ವರ್ಷ ಸತತವಾಗಿ ಗೆದ್ದವಳು, ಮಗ ಸೋಲುತ್ತಾನೆಯೇ ಅಂತ ಮಾತು. ಸೋತ. ಮರೀನ್ ನ್ಯಾಷನಲ್ ಎಂಬ ಕುದುರೆಯ ಮೇಲೆ ಗೆದ್ದು ಬಂದವರು ಮೈಕೆಲ್ ಒಸಲಿವನ್ ಎಂಬ ಎಳೆಯ ಜಾಕಿ. ಎರಡು ವರ್ಷ ಕಳೆದು, 2025ರ ಫೆಬ್ರುವರಿಯಲ್ಲಿ, ಐರ್ಲೆಂಡಿನ ಥರ್ಲ್ಸ್ ಮೈದಾನದಲ್ಲಿ ಬಿದ್ದ ಗಾಯದಿಂದ ಅವರು ತೀರಿಕೊಂಡರು. ವಯಸ್ಸು 24. ಬೇಲಿ ಓಟದಲ್ಲಿ ಯಾವುದೂ ಪಕ್ಕಾ ಅಲ್ಲ ಅನ್ನುವುದು ಜಾಕಿಗಳ ಮನೆಯವರಿಗೆ ಗೊತ್ತು.

ಹಾಗಾದರೆ ಬರೆಯುವವನು ಏನು ಬರೆಯಬೇಕು ಅಂತ ಕೇಳಬಹುದು. ಬಹಳ ಏನಿಲ್ಲ. ಈ ಕುದುರೆ ಇಲ್ಲಿಯವರೆಗೆ ಎಷ್ಟು ಬೇಲಿ ಹಾರಿದೆ, ಹಾರುವಾಗ ಕಾಲು ತಗುಲಿಸಿದ್ದು ಎಷ್ಟು ಸಲ. ಸೋಲಿಸಿದ ಕುದುರೆಗಳು ಆಮೇಲೆ ಏನಾದರೂ ಗೆದ್ದವೋ ಇಲ್ಲವೋ. ದೊಡ್ಡ ಗುಂಪಿನಲ್ಲಿ ಓಡಿದೆಯಾ. ನೆಲ ಹಸಿಯೋ ಒಣಗಿದೆಯೋ. ಈ ದರಕ್ಕೆ ಹತ್ತರಲ್ಲಿ ಎಷ್ಟು ಸಲ ಗೆದ್ದರೆ ಅಸಲು ಹುಟ್ಟುತ್ತದೆ. ಇಷ್ಟು ಬರೆದು, ಕೆಳಗೆ ತನ್ನ ಹೆಸರು ಹಾಕಿ, ಕಳೆದ ವರ್ಷ ತಾನು ‘ಪಕ್ಕಾ’ ಅಂದ ಕುದುರೆಗಳು ಎಷ್ಟನೆಯದಾಗಿ ಬಂದವು ಅನ್ನುವ ಪಟ್ಟಿಯನ್ನೂ ಪಕ್ಕದಲ್ಲೇ ಹಾಕಲಿ. ಮುಂದಿನ ಮಾರ್ಚ್‌ನಲ್ಲಿ ನಿಮಗೆ ‘ಸೋಲೋದೇ ಇಲ್ಲ’ ಮೆಸೇಜು ಬಂದರೆ, ಕಳಿಸಿದವನಿಗೆ ಆ ಪಟ್ಟಿ ಕಳಿಸು ಅಂತ ವಾಪಸ್ ಬರೆಯಿರಿ. ಬಂದರೆ ನಮಗೂ ಫಾರ್ವರ್ಡ್ ಮಾಡಿ, ಇಲ್ಲೇ ಹಾಕುತ್ತೇವೆ.